ಕಳಚಿದ ಗಾಲಿಯ ಹಿಂದೆ ಓಡಿದವರು

ನಮ್ಮೂರಿನಲ್ಲಿ ಮನೆಯ ಬಾಗಿಲುಗಳು ಅಗಲ. ಹೊಸಬರು ನೋಡಿ, ಇಲ್ಲಿನವರು ಆನೆ ಸಾಕುತ್ತಿದ್ದರೇನೋ ಅಂದುಕೊಳ್ಳುತ್ತಾರೆ. ಆನೆಯೂ ಇಲ್ಲ, ಅಂಬಾರಿಯೂ ಇಲ್ಲ. ಗಾಲಿ ಬಂದಾಗ ಚೌಕಟ್ಟು ಮುರಿಯದಿರಲಿ ಎಂದು ಅಗಲ ಇಟ್ಟಿದ್ದೇವೆ, ಅಷ್ಟೆ. ಬೇರೆ ಊರುಗಳಲ್ಲಿ ಓಡುವ ಗಾಡಿಯಿಂದ ಗಾಲಿ ಕಳಚಿಕೊಂಡರೆ ಉರುಳಿಕೊಂಡು ಹೋಗಿ ಚರಂಡಿಗೆ ಬೀಳುತ್ತದಂತೆ. ಕೇಳಿದರೆ ಅಯ್ಯೋ ಪಾಪ ಅನ್ನಿಸುತ್ತದೆ. ನಮ್ಮಲ್ಲಿ ಹಾಗಲ್ಲ. ನಮ್ಮಲ್ಲಿ ಕಳಚಿದ ಗಾಲಿ ಯಾವುದಾದರೂ ಒಂದು ಮನೆಗೆ ಹೋಗುತ್ತದೆ. ತಿರುವು ಬಂದರೆ ತಿರುಗುತ್ತದೆ, ಮೆಟ್ಟಿಲು ಬಂದರೆ ಹತ್ತುತ್ತದೆ, ಎದುರಿಗೆ ಹಸು ಬಂದರೆ ನಿಂತು ದಾರಿ ಬಿಡುತ್ತದೆ. ಕೊನೆಗೆ ತನಗೆ ಬೇಕಾದ ಮನೆಯ ನಡುಮನೆಗೆ ಹೋಗಿ ಮಲಗಿಬಿಡುತ್ತದೆ. ಮಲಗಿದ ಮೇಲೆ ನಾಲ್ಕು ಜನ ಪೈಲ್ವಾನರು ಹಿಡಿದು ಎತ್ತಿದರೂ ಅಲುಗುವುದಿಲ್ಲ. ಗಾಡಿಯಲ್ಲಿದ್ದವರೆಲ್ಲ ಆ ಮನೆಗೆ ಬಂದು, ಎಲೆ ಹಾಕಿಸಿಕೊಂಡು, ಮನೆಯವರ ಜೊತೆ ಕೂತು ಉಣ್ಣಬೇಕು. ಉಂಡವರು ಮಜ್ಜಿಗೆ ಅನ್ನಕ್ಕೆ ಬರುವ ಹೊತ್ತಿಗೆ ಗಾಲಿ ಹಗುರಾಗಿರುತ್ತದೆ.

ಊರು ಇದಕ್ಕೆ ಎಂದೋ ಒಗ್ಗಿಹೋಗಿತ್ತು. ಹೆಂಗಸರು ದಿನಾ ಅರ್ಧ ಪಾವು ಅಕ್ಕಿ ಜಾಸ್ತಿ ಇಡುತ್ತಿದ್ದರು. ಮನೆಗೆ ಬೀಗ ಹಾಕಿ ಮದುವೆಗೋ ಮುಂಜಿಗೋ ಹೋಗುವವರು ಪಕ್ಕದ ಮನೆಯವರಿಗೆ, "ಗಾಲಿ ಗೀಲಿ ಬಂದ್ರೆ ಉಪ್ಪಿಟ್ಟು ಕೆದಕಿ ಹಾಕ್ಬಿಡಿ, ರವೆ ಡಬ್ಬಿ ಮೇಲ್ಗಡೆ ಇದೆ" ಎಂದು ಹೇಳಿ ಹೋಗುತ್ತಿದ್ದರು. ಒಂದು ಗೋಡೆಯ ಜಗಳಕ್ಕೆ ಹದಿನೇಳು ವರ್ಷ ಕೋರ್ಟು ಹತ್ತಿದ್ದ ಅಣ್ಣ ತಮ್ಮಂದಿರಿದ್ದರು. ಅಣ್ಣನ ಗಾಲಿ ತಮ್ಮನ ಮನೆಗೆ ಹೋಗಿ ಮಲಗಿ, ಹಾಗಲಕಾಯಿ ಗೊಜ್ಜು ಬಡಿಸುವಷ್ಟರಲ್ಲಿ ಇಬ್ಬರೂ ಅಳುತ್ತಿದ್ದರು. ಸಂಬಂಧಗಳೂ ಹೀಗೇ ಕುದುರುತ್ತಿದ್ದವು. ನಮ್ಮೂರಲ್ಲಿದ್ದ ಒಬ್ಬನೇ ಮದುವೆ ದಲ್ಲಾಳಿ ಬೇಸತ್ತು ಸೊಳ್ಳೆಪರದೆ ಮಾರಲು ನಿಂತ. ಯಾರ ಮನೆಗಾದರೂ ವರ್ಷವಿಡೀ ಒಂದು ಗಾಲಿಯೂ ಬರದಿದ್ದರೆ ಆ ಮನೆಯಾಕೆ ಸಪ್ಪಗಾಗುತ್ತಿದ್ದಳು. ಅಂಥವರು ಕಡಿಮೆಯೇ ಬಿಡಿ. ಊರಲ್ಲಿರುವುದೆಲ್ಲ ಸರಳಗಾಮಿ ಎಂಬ ಒಂದೇ ಕಂಪನಿಯ ಗಾಡಿಗಳು. ಕಾರಿರಲಿ, ವ್ಯಾನಿರಲಿ, ಅವುಗಳ ಗಾಲಿ ಹಣ್ಣೆಲೆ ಉದುರಿದ ಹಾಗೆ ಉದುರುತ್ತಿದ್ದವು.

ನಾನು ಚೆಲುವಯ್ಯ. ಬಳಕೆದಾರರ ದೂರು ಕಟ್ಟೆಯ ಬರಹಗಾರ. ಕೊಂಡ ವಸ್ತು ಕೆಟ್ಟರೆ, ಮೋಸವಾದರೆ, ಜನ ನನ್ನ ಕಟ್ಟೆಗೆ ಬಂದು ಹೇಳುತ್ತಾರೆ, ನಾನು ಬರೆದು ಕಂಪನಿಗೆ ಕಳಿಸುತ್ತೇನೆ. ಕುಕ್ಕರಿನ ಸೀಟಿ, ಬಣ್ಣ ಬಿಟ್ಟ ಸೀರೆ, ಮೂರೇ ದಿನಕ್ಕೆ ಹಲ್ಲು ಉದುರಿದ ಬಾಚಣಿಗೆ, ಎಲ್ಲದರ ಮೇಲೂ ದೂರು ಬರೆದಿದ್ದೇನೆ. ಗಾಲಿಯ ಮೇಲೆ ಮಾತ್ರ ಒಂದೂ ಇಲ್ಲ. ದೂರು ಇರಲಿ, ಗಾಲಿ ಕಳಚಿದವರು ಸಿಹಿ ಹಂಚಿಕೊಂಡು ಬಂದು, "ಸ್ವಾಮಿ, ಕಂಪನಿಯೋರಿಗೆ ಎರಡಕ್ಷರ ಥ್ಯಾಂಕ್ಸ್ ಬರೀರಿ" ಅನ್ನುತ್ತಿದ್ದರು. ಬರೆಯುತ್ತಿದ್ದೆ. ನನ್ನ ಅಕ್ಷರ ಮುದ್ದಾಗಿದೆ ಎಂದು ಹೆಸರು ಬೇರೆ. ಹದಿನಾಲ್ಕು ವರ್ಷದಲ್ಲಿ ನಾನೂರ ಹನ್ನೆರಡು ಥ್ಯಾಂಕ್ಸ್ ಬರೆದೆ. ಪ್ರತಿ ಹೊಸ ವರ್ಷಕ್ಕೆ ಕಂಪನಿಯಿಂದ ನನಗೊಂದು ಕ್ಯಾಲೆಂಡರ್ ಬರುತ್ತಿತ್ತು, ಅದನ್ನು ಹೆಮ್ಮೆಯಿಂದ ತೂಗುಹಾಕಿಕೊಳ್ಳುತ್ತಿದ್ದೆ.

ಬೇಸಿಗೆ ರಜೆ ಮುಗಿಯಲು ಎಂಟು ದಿನವಿದ್ದಾಗ ಪುಟ್ಟತಾಯಿ ಕಟ್ಟೆಗೆ ಬಂದಳು. ಪುಟ್ಟತಾಯಿ ಸ್ಕೂಲ್ ವ್ಯಾನ್ ಓಡಿಸುವವಳು. ನಲವತ್ತರ ಹೆಂಗಸು, ಖಾಕಿ ಅಂಗಿ, ಗಟ್ಟಿ ದನಿ. ಮೇಲಿನ ಬೀದಿಯ ಹನ್ನೊಂದು ಮಕ್ಕಳನ್ನು ತುಂಬಿಕೊಂಡು ಗಾಣಿಗರ ಇಳಿಜಾರಿನಲ್ಲಿ ಇಳಿದು, ಕೆರೆ ಏರಿಯ ಮೇಲೆ ಸಾಗಿ, ಆಚೆ ದಡದ ಶಾಲೆಗೆ ಬಿಡುವುದು ಅವಳ ಕೆಲಸ. ಅವಳ ಕೈಯಲ್ಲಿ ಸಿಹಿಯ ಪೊಟ್ಟಣ ಇರಲಿಲ್ಲ. ನಾನು ಅಭ್ಯಾಸಬಲದಿಂದ ಥ್ಯಾಂಕ್ಸಿನ ಪುಸ್ತಕ ತೆರೆದೆ.

"ಅದನ್ನ ಮುಚ್ಚಿ. ದೂರು ಬರ್ಕೊಳಿ."

"ಯಾರ ಮೇಲಮ್ಮ?"

"ಸರಳಗಾಮಿ ಕಂಪ್ನಿ ಮೇಲೆ. ಹೋದ ಪರೀಕ್ಷೆ ತಿಂಗಳಲ್ಲಿ ನನ್ ವ್ಯಾನಿನ ಮುಂದಿನ ಗಾಲಿ ಎರಡು ಸಲ ಕಳಚ್ಕೊಂಡೋಯ್ತು."

"ಗೊತ್ತಲ್ಲ! ಒಂದ್ಸಲ ಡ್ರಿಲ್ ಮೇಷ್ಟ್ರ ಮನೆಗೆ, ಇನ್ನೊಂದ್ಸಲ ಭೀಮರಾಯರ ಮನೆಗೆ. ಭೀಮರಾಯರು ಮಕ್ಕಳಿಗೆಲ್ಲ ತಮ್ಮ ಮಿಠಾಯಿ ಅಂಗಡಿಯಿಂದ ಮೈಸೂರುಪಾಕು ತರಿಸಿ ಹಾಕಿದ್ರಂತೆ. ಊರೆಲ್ಲ ಮಾತಾಡ್ಕೊಂಡ್ರು."

ಅವಳು ಕಟ್ಟೆಯ ಮೇಲೆ ಕೂತಳು. "ಹೂಂ, ಊರೆಲ್ಲ ಗಾಲಿ ಹಿಂದೆ ಓಡ್ತು. ಕುಂಬಳಕಾಯಿ ಪಲ್ಯ ಮಾಡಿದ್ರಾ, ಹೋಳಿಗೆ ಮಾಡಿದ್ರಾ ಅಂತ ವಿಚಾರಿಸ್ತು. ವ್ಯಾನ್ ಎಲ್ಲಿ ನಿಂತಿತ್ತು ಅಂತ ನೋಡ್ದೋರು ಯಾರಾದ್ರೂ ಇದ್ರಾ ಸ್ವಾಮಿ? ನೀವು ನೋಡಿದ್ರಾ?"

ನಾನು ನೋಡಿರಲಿಲ್ಲ. ನಾನೂ ಗಾಲಿಯ ಹಿಂದೆ ಹೋಗಿದ್ದೆ. ಮೈಸೂರುಪಾಕು ಒಂದು ತುಂಡು ನನಗೂ ಸಿಕ್ಕಿತ್ತು.

"ಏರಿ ಮೇಲೆ ಮೂತಿ ಹೊರಗೆ ಹಾಕ್ಕೊಂಡು ನಿಂತಿತ್ತು. ಎಡಗಡೆ ಅಚ್ಚು ಕಲ್ಲಿಗೆ ಸಿಕ್ಕೊಂಡಿತ್ತು, ಅದಕ್ಕೆ ನಿಂತ್ಕೊಳ್ತು. ಕಲ್ಲಿಲ್ದಿದ್ರೆ ಕೆಳಗಡೆ ನೀರು. ಹನ್ನೊಂದು ಮಕ್ಳನ್ನ ಹಿಂದಿನ ಕಿಟಕೀಲಿ ಒಂದೊಂದಾಗಿ ಇಳಿಸ್ದೆ. ಇಳಿದೋವು ಹೋ ಅಂತ ಗಾಲಿ ಹಿಂದೆ ಓಡೋದ್ವು. ನಾನೊಬ್ಳೇ ಅಲ್ಲಿ ನಿಂತಿದ್ದೆ. ಹೊಸ ಹಬ್ ಹಾಕೋವರೆಗೂ ನಾನು ಓಡಿಸಲ್ಲ ಅಂತ ಸ್ಕೂಲಿಗೆ ಹೇಳಿದೀನಿ. ಅವರೇನಂದ್ರು ಗೊತ್ತಾ? ಶಾಲೆ ಶುರುವಾಗೋ ದಿನ ನೀನು ಬರ್ದಿದ್ರೆ ಬೇರೆಯೋರು ಓಡಿಸ್ತಾರೆ ಅಂದ್ರು. ನನ್ ಕೆಲಸ ಹೋದ್ರೆ ಹೋಗ್ಲಿ ಸ್ವಾಮಿ. ಆದ್ರೆ ಡ್ರೈವರ್ ಬೇರೆ ಆದ್ರೂ ವ್ಯಾನ್ ಅದೇ, ಮಕ್ಳು ಅವೇ."

ಗಾಡಿಯ ದೂರಿಗೆ ನಮೂನೆ ಏಳು ಎಂಬ ಫಾರಂ ಇದೆ. ಅದನ್ನು ಹುಡುಕಲು ನನಗೆ ಅರ್ಧ ಗಂಟೆ ಬೇಕಾಯಿತು. ಬೀರುವಿನ ತಳದಲ್ಲಿ ಜೇಡರ ಗೂಡಿನ ಕೆಳಗೆ ಇತ್ತು. ಓದಿ ನೋಡಿದರೆ, ಒಂದೇ ದೋಷದಿಂದ ನಷ್ಟಕ್ಕೆ ಒಳಗಾದ ಮೂರು ಜನ ಸಹಿ ಹಾಕಬೇಕು, ಪ್ರತಿಯೊಬ್ಬರೂ 'ಆದ ನಷ್ಟ' ಎಂಬ ಕಾಲಂ ತುಂಬಬೇಕು ಎಂದಿತ್ತು. ಪುಟ್ಟತಾಯಿ ತನ್ನ ಕಾಲಮ್ಮಿನಲ್ಲಿ 'ಹನ್ನೊಂದು ಮಕ್ಕಳು ಕೂದಲೆಳೆಯಲ್ಲಿ ಉಳಿದವು' ಎಂದು ಬರೆಸಿದಳು. ಇನ್ನಿಬ್ಬರು ಬೇಕಿತ್ತು. ಊರ ತುಂಬ ಗಾಲಿ ಕಳಚಿದವರೇ ಇದ್ದಾರೆ, ಇಬ್ಬರು ಸಿಗುವುದು ಎಷ್ಟು ಹೊತ್ತು ಎಂದುಕೊಂಡು ಅವಳ ಜೊತೆ ನಾನೂ ಹೊರಟೆ.

ಮೊದಲು ಮೆಕ್ಯಾನಿಕ್ ಲಾರೆನ್ಸನ ಗ್ಯಾರೇಜಿಗೆ ಹೋದೆವು. ಅವನು ಪುಟ್ಟತಾಯಿಯ ವ್ಯಾನಿನ ಹಬ್ ತೆಗೆದು ಬೆಂಚಿನ ಮೇಲೆ ಇಟ್ಟುಕೊಂಡಿದ್ದ. ಅಚ್ಚಿನ ತುದಿಯಲ್ಲಿ ಗಾಲಿಯನ್ನು ಹಿಡಿದು ಕೂರಿಸುವ ಕಬ್ಬಿಣದ ಬಟ್ಟಲು ಅದು. ಸ್ಪ್ಯಾನರಿನಿಂದ ಒಂದೇಟು ಕೊಟ್ಟ. ಒಡೆದ ಮಡಕೆಯ ಹಾಗೆ ಡಬ್ ಎಂದಿತು. ಶೆಲ್ಫಿನಲ್ಲಿದ್ದ ಹಳೇ ಲಾರಿಯೊಂದರ ಹಬ್ಬಿಗೆ ಬಾರಿಸಿದ. ಠಣ್ ಎಂದು ಬಹಳ ಹೊತ್ತು ಮೊಳಗಿತು.

"ಕೇಳಿದ್ರಲ್ಲ? ಎರಕದಲ್ಲೇ ಗಾಳಿ ನಿಂತಿದೆ. ಒಳಗೆಲ್ಲ ತೂತು, ಸೆಟ್ ದೋಸೆ ಹಾಗೆ. ಭಾರ ಬಿದ್ದು ಬಿದ್ದು ಬಿರುಕು ಬಿಡುತ್ತೆ. ಇಳಿಜಾರಲ್ಲಿ ಬ್ರೇಕ್ ಹಾಕಿದ್ರೆ ಆಯ್ತು, ಗಾಲಿ ಕೈ ಬೀಸ್ಕೊಂಡು ಹೊರಟ್ಹೋಗುತ್ತೆ. ಊರಲ್ಲಿರೋ ಎಲ್ಲಾ ಸರಳಗಾಮಿಯೂ ಹೀಗೇ."

"ಇಷ್ಟು ವರ್ಷ ಯಾಕಯ್ಯ ಹೇಳ್ಲಿಲ್ಲ?" ಎಂದೆ.

"ಹೇಳಿದ್ದೆ ಸ್ವಾಮಿ. ಹೇಳ್ದಾಗೆಲ್ಲ, ಸುಮ್ನೆ ಗಾಲಿ ಹಾಕಯ್ಯ, ಬಾ ಪಾಯಸ ತಿನ್ನು ಅಂತಾರೆ." ಅವನು ಎಣ್ಣೆ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡ. ಗಾಲಿ ಹಾಕುವವನೂ ಆ ಮನೆಯಲ್ಲೇ ಉಣ್ಣಬೇಕೆಂಬುದು ಊರಿನ ಪದ್ಧತಿ. ವಾರಕ್ಕೆ ಐದು ಗಾಲಿ ಹಾಕುವವನ ಗತಿ ಏನಾಗಬೇಡ? ನಷ್ಟದ ಕಾಲಮ್ಮಿನಲ್ಲಿ ಅವನು ದಪ್ಪಕ್ಷರದಲ್ಲಿ 'ಸಕ್ಕರೆ ಕಾಯಿಲೆ' ಎಂದು ಬರೆದು ಸಹಿ ಹಾಕಿದ.

ಮೂರನೆಯ ಸಹಿಗೆ ಐದು ದಿನ ಅಲೆದೆವು. ಭೀಮರಾಯರು ಕೂರಿಸಿ ಬಾದಾಮಿ ಹಾಲು ಕೊಟ್ಟು, "ದೂರು ಅಂತೀರಲ್ಲ, ಗಾಲಿ ದೆಸೆಯಿಂದ ನಮ್ಮ ಹುಡುಗಿಗೆ ಡಾಕ್ಟರ್ ಗಂಡ ಸಿಕ್ಕ, ಯಾವ ಬಾಯಲ್ಲಿ ದೂರು ಹೇಳಲಿ?" ಎಂದರು. ಡ್ರಿಲ್ ಮೇಷ್ಟ್ರು ಎಲ್ಲವನ್ನೂ ಗಮನವಿಟ್ಟು ಕೇಳಿ, "ಬಹಳ ಅಪಾಯ, ಬಹಳ ಅಪಾಯ" ಎಂದು ತಲೆಯಾಡಿಸಿ, ಪೆನ್ನು ಹಿಡಿದು ನಷ್ಟದ ಕಾಲಮ್ಮಿನ ಮುಂದೆ ಹತ್ತು ನಿಮಿಷ ಯೋಚಿಸಿ, 'ಇಲ್ಲ. ಹನ್ನೊಂದು ಮೊಮ್ಮಕ್ಕಳು ಸಿಕ್ಕ ಹಾಗಾಯಿತು' ಎಂದು ಬರೆದುಬಿಟ್ಟರು. ಆ ಫಾರಂ ಹಾಳಾಗಿ ಇನ್ನೊಂದು ಹುಡುಕಬೇಕಾಯಿತು, ಪುಟ್ಟತಾಯಿಯೂ ಲಾರೆನ್ಸನೂ ಮತ್ತೆ ಬರೆಯಬೇಕಾಯಿತು. ಮುಂದಿನ ಬೀದಿಯಲ್ಲಿ ಒಬ್ಬಾಕೆ ಸಿಟ್ಟಿಗೆದ್ದಳು. "ನೀವು ಹಬ್ ಸರಿ ಮಾಡಿಸಿದ್ರೆ ನಮ್ಮನೆಗೆ ಇನ್ಯಾರು ಬರ್ತಾರೆ? ನೀನು ಬರ್ತೀಯೇನೇ ಪುಟ್ಟತಾಯಿ?" ಎಂದು ಕೇಳಿ ಆ ಅಗಲವಾದ ಬಾಗಿಲನ್ನು ನಮ್ಮ ಮುಖದ ಮೇಲೆ ಹಾಕಿಕೊಂಡಳು. ಪುಟ್ಟತಾಯಿಗೆ ಬೇಜಾರಾಯಿತು. "ಕರೆದ್ರೆ ಬರ್ತಿದ್ನಲ್ಲ" ಎಂದು ಮುಚ್ಚಿದ ಬಾಗಿಲಿಗೆ ಹೇಳಿದಳು.

ಶಾಲೆಗೆ ಮೂರು ದಿನ ಉಳಿದಿತ್ತು ಎನ್ನುವಾಗ ಅವಳು ಫಾರಂ ನನ್ನ ಮುಂದೆ ಇಟ್ಟಳು. "ನಿಮ್ದೂ ಒಂದ್ಸಲ ಕಳಚಿದೆಯಲ್ಲ. ನೀವೇ ಹಾಕಿ."

ನಾನು ನಕ್ಕೆ. ನನ್ನ ಗಾಲಿಯ ಕಥೆ ಊರಿಗೆಲ್ಲ ಗೊತ್ತು. ಇಪ್ಪತ್ತೆರಡು ವರ್ಷದ ಹಿಂದೆ ನಾನೂ ನಮ್ಮಪ್ಪನೂ ಸರಳಗಾಮಿ ಕಾರಿನಲ್ಲಿ ಬೇರೆ ಯಾರೋ ಹುಡುಗಿಯನ್ನು ನೋಡಲು ಹೊರಟಿದ್ದೆವು. ಬಲಗಡೆಯ ಗಾಲಿ ಕಳಚಿಕೊಂಡು ನೇರ ಹೋಗಿ ಈಗ ನನ್ನ ಹೆಂಡತಿಯಾಗಿರುವ ಕನಕಾಂಗಿಯ ಮನೆ ಸೇರಿ, ಕರು ಬಂದು ಮಲಗಿದ ಹಾಗೆ ಅವಳ ಪಾದದ ಬಳಿ ಮಲಗಿತು. ನಾವು ಊಟಕ್ಕೆ ಹೋದೆವು. ಹುಡುಗಿ ನಾವು ಬಂದಾಗಲೂ ಏಳಲಿಲ್ಲ, ಹೋಗುವಾಗಲೂ ಏಳಲಿಲ್ಲ, ತಲೆ ತಗ್ಗಿಸಿ ಕಣ್ಣಲ್ಲಿ ನೀರು ತುಂಬಿಕೊಂಡು ಕೂತೇ ಇದ್ದಳು. ಎಂಥಾ ನಾಚಿಕೆ, ಎಂಥಾ ಸಂಸ್ಕಾರ ಎಂದು ನಮ್ಮಪ್ಪ ಅಲ್ಲೇ ಮಾತು ಮುಗಿಸಿದರು. ಈ ಕಥೆಯನ್ನು ನಾನು ಮದುವೆಮನೆಗಳಲ್ಲಿ ಹೇಳಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

"ನನಗೇನಮ್ಮ ನಷ್ಟ? ಕಾಲಮ್ಮಿನಲ್ಲಿ ಹೆಂಡ್ತಿ ಅಂತ ಬರೀಲಾ?" ಎಂದೆ. ಪುಟ್ಟತಾಯಿ ನಗಲಿಲ್ಲ. ಫಾರಂ ಅಲ್ಲೇ ಬಿಟ್ಟು ಎದ್ದು ಹೋದಳು. ಆ ನಗದ ಮುಖ ನೋಡಿ ನನಗೆ ಒಳಗೊಳಗೇ ನಾಚಿಕೆಯಾಯಿತು.

ಮಧ್ಯಾಹ್ನ ಫಾರಂ ಜೇಬಿಗೆ ಹಾಕಿಕೊಂಡು ಊಟಕ್ಕೆ ಮನೆಗೆ ಹೋದಾಗ ಇದನ್ನೆಲ್ಲ ಕನಕಾಂಗಿಗೆ ಹೇಳಿದೆ. ಹೆಂಡತಿ ಅಂತ ಬರೆಯಲಾ ಎಂದು ಕೇಳಿದ್ದನ್ನೂ ಹೇಳಿದೆ. ಅವಳೂ ನಗಲಿಲ್ಲ. ಹುಳಿ ಬಡಿಸಿ, ಸೌಟು ಕೆಳಗಿಟ್ಟು, "ಎಲ್ಲಿ, ಆ ಫಾರಂ ಕೊಡಿ ಇಲ್ಲಿ" ಎಂದಳು.

"ನಿನಗ್ಯಾಕೆ? ನಷ್ಟ ಆದವರು ಹಾಕ್ಬೇಕು ಅದಕ್ಕೆ."

"ನನಗೆ ಆಗಿದೆ."

"ಏನು?"

"ಎಡಗಾಲಿನ ಹರಡು."

ಅವಳ ಎಡಗಾಲು ಚಳಿಗೆ ನೋಯುತ್ತದೆ, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾಳೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಅವಳು ಬಿಸಿ ಎಣ್ಣೆ ಹಚ್ಚಿಕೊಳ್ಳುವುದನ್ನು ದಿನಾ ನೋಡುತ್ತೇನೆ. "ಹುಡುಗೀಲಿ ಬಿದ್ದಿದ್ದೆ ಅಂದಿದ್ಯಲ್ಲ?" ಎಂದೆ.

"ಅಂದಿದ್ದೆ. ಯಾಕೆ ಬಿದ್ದೆ ಅಂತ ನೀವು ಕೇಳ್ಲಿಲ್ಲ." ಅವಳು ನನ್ನ ಎದುರಿಗೇ ಗೋಡೆಗೊರಗಿ ಕೂತಳು. "ಹಸು ಬಂದ್ರೆ ನಿಲ್ಲುತ್ತಂತಲ್ಲ ನಿಮ್ ಗಾಲಿ, ನಾನು ಹಸು ಆಗಿರ್ಲಿಲ್ಲ ನೋಡಿ. ರಂಗೋಲಿ ಹಾಕ್ತಾ ಕೂತಿದ್ದೆ. ಹಿಂದಿಂದ ಬಂದು ಹೊಡೀತು. ಹರಡು ಮುರೀತು. ಕೂಗ್ಕೊಂಡೆ. ಎಲ್ಲಾರೂ ಓಡಿ ಬಂದ್ರು. ಬಂದು ಗಾಲಿಗೆ ಅರಿಶಿನ ಕುಂಕುಮ ಹಚ್ಚಿದ್ರು. ಅಮ್ಮ ನನ್ನ ಎತ್ತಿ ಒಳಗೆ ಗಾಲಿ ಪಕ್ಕ ಕೂರಿಸಿ, ಗಾಲಿಯೋರು ಬರೋ ಹೊತ್ತಾಯ್ತು, ಊಟ ಆಗೋವರೆಗೂ ಅಳ್ಬೇಡ ಕಣೇ ಅಂದ್ಲು. ಏಳಕ್ಕೆ ಕಾಲೇ ಇರ್ಲಿಲ್ಲ ನನಗೆ. ಅದನ್ನ ನಾಚಿಕೆ ಅಂತ ನೀವು ಊರಿಗೆಲ್ಲ ಹೇಳ್ಕೊಂಡ್ ಬಂದ್ರಿ."

"ಇಪ್ಪತ್ತೆರಡು ವರ್ಷ ಯಾಕೆ ಹೇಳ್ಲಿಲ್ಲ ಕನಕಾ?"

"ಮೂರು ಸಲ ಹೇಳೋಕೆ ಬಂದೆ. ಮೂರು ಸಲವೂ, ಗಾಲಿ ಅಂತ ಬಾಯಿ ತೆಗೆದ ತಕ್ಷಣ ನೀವು ನಗೋಕೆ ಶುರು ಮಾಡಿದ್ರಿ."

ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತು. ಅವಳು ಅಡುಗೆಮನೆಯಿಂದ ಪೆನ್ಸಿಲ್ ತಂದಳು. ಪೆನ್ಸಿಲ್ ನಡೆಯುವುದಿಲ್ಲ ಎಂದು ನಾನು ಪೆನ್ನು ಕೊಟ್ಟೆ, ಬೇರೇನು ಮಾತಾಡಬೇಕೋ ತಿಳಿಯದೆ. ಅವಳು ಕಾಲಮ್ಮಿನಲ್ಲಿ 'ಎಡಗಾಲಿನ ಹರಡು' ಎಂದು ಬರೆದು, ಸಹಿ ಹಾಕಿ, ನನ್ನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದಳು.

ಅಂದು ಸಂಜೆಯ ಬಸ್ಸಿಗೇ ಫಾರಂ ಕೊಟ್ಟು ಕಳಿಸಿದೆ, ಕಂಪನಿಯವರು ಮರುದಿನ ಬೆಳಗ್ಗೆಯೇ ಬಂದರು. ನಮ್ಮೂರಿನಿಂದ ದೂರು ಎಂದರೆ ಅವರಿಗೂ ಗಾಬರಿಯೇ ಇರಬೇಕು. ಬಂದವನ ಹೆಸರು ಜಯಶೀಲ. ನುಣ್ಣಗೆ ಬಾಚಿದ ತಲೆ, ಬಿಳಿ ಬಣ್ಣದ ಹೊಸ ಸರಳಗಾಮಿ ಕಾರು, ಕಂಕುಳಲ್ಲಿ ದಪ್ಪ ಫೈಲು. ದೂರು ಕಟ್ಟೆಯ ಮುಂದೆ ಊರೇ ನೆರೆದಿತ್ತು. ಜಯಶೀಲ ಫೈಲು ಬಿಡಿಸಿ ಒಂದೊಂದೇ ಥ್ಯಾಂಕ್ಸು ಓದಲು ಶುರು ಮಾಡಿದ. ಎಲ್ಲವೂ ನನ್ನ ಮುದ್ದಾದ ಅಕ್ಷರ. 'ತಮ್ಮ ಕಂಪನಿಯ ಗಾಲಿ ನಮ್ಮ ಮನೆಯ ದೀಪ ಬೆಳಗಿತು' ಎಂದು ನಾನೇ ಸ್ವಂತ ಬುದ್ಧಿಯಿಂದ ಸೇರಿಸಿದ ವಾಕ್ಯ ಓದಿದಾಗ ಜನ ಚಪ್ಪಾಳೆ ಹೊಡೆದರು. ನನಗೆ ಕಟ್ಟೆಯ ಕೆಳಗೆ ತೂರಿಕೊಳ್ಳೋಣ ಅನ್ನಿಸಿತು.

"ನಾನೂರ ಹನ್ನೆರಡು ಸಂತೋಷ, ಮೂರು ದೂರು" ಎಂದ ಅವನು. "ಅದರಲ್ಲಿ ಒಂದು ಸಕ್ಕರೆ ಕಾಯಿಲೆ! ಇನ್ನೊಂದು," ಎಂದು ಕನಕಾಂಗಿಯ ಕಡೆ ತಿರುಗಿ ನಕ್ಕ, "ಅಮ್ಮಾ, ಗಾಲಿಯಿಂದ ತಾವು ಗಂಡನನ್ನೇ ಪಡೆದಿದ್ದೀರಿ. ಇನ್ನೂ ದೂರೇ?"

ಜನ ಗೊಳ್ಳೆಂದು ನಕ್ಕರು. ಕನಕಾಂಗಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಹೆಂಗಸರ ಮುಂದೆ ಬಿಟ್ಟರೆ ನಾಲ್ಕು ಜನರ ನಡುವೆ ಅವಳು ಮಾತಾಡಿದ್ದನ್ನೇ ನಾನು ಕಂಡಿರಲಿಲ್ಲ.

"ಗಂಡ ಬಂದದ್ದು ಗಾಲಿಯಿಂದ ಸ್ವಾಮಿ. ಅದಕ್ಕೆ ನಾನು ದೂರು ಹೇಳ್ತಿಲ್ಲ, ಹೇಗೋ ಸಂಭಾಳಿಸ್ಕೊಂಡಿದೀನಿ. ಕಾಲು ಹೋದದ್ದು ನಿಮ್ ಹಬ್‌ನಿಂದ. ಗಾಲಿ ನಮ್ ಊರಿಂದು, ಅದಕ್ಕೆ ಊಟ ಹಾಕೋದು ನಮ್ ಸಂತೋಷ. ಹಬ್ ನಿಮ್ದು. ಅದರ ಲೆಕ್ಕ ಹೇಳಿ."

ನಗು ನಿಂತಿತು. ಆದರೆ ಊರು ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಹಿಂದಿನಿಂದ ಯಾರೋ, "ಇಷ್ಟು ವರ್ಷ ಯಾರಿಗೇನಾಗಿದೆ, ಸುಮ್ನಿರಿ" ಎಂದರು. ಆಗ ಪುಟ್ಟತಾಯಿ ತನ್ನ ವ್ಯಾನನ್ನು ತಂದು ಇಳಿಜಾರಿನ ತುದಿಯಲ್ಲಿ, ಎಲ್ಲರ ಎದುರಿಗೆ ನಿಲ್ಲಿಸಿದಳು. ಲಾರೆನ್ಸ್ ಅದೇ ಬಿರುಕು ಬಿಟ್ಟ ಹಬ್ಬನ್ನು ಮತ್ತೆ ಕೂರಿಸಿಕೊಟ್ಟಿದ್ದ. ಅವಳು ಬಾಗಿಲು ಪೂರ್ತಿ ತೆಗೆದಳು.

"ಹನ್ನೊಂದು ಸೀಟಿದೆ" ಎಂದಳು. "ನಾಳಿದ್ದು ಮಕ್ಳು ಕೂರೋ ಸೀಟು. ಇವತ್ತು ದೊಡ್ಡೋರು ಹನ್ನೊಂದು ಜನ ಹತ್ತಿ. ಇಳಿಜಾರು ಇಳಿದು, ಏರಿ ದಾಟಿ, ಸ್ಕೂಲ್ ಹತ್ರ ಬಿಟ್ಟು ವಾಪಸ್ ಕರ್ಕೊಂಡ್ ಬರ್ತೀನಿ. ಬನ್ನಿ. ಭೀಮರಾಯರೇ, ಮುಂದಿನ ಸೀಟು ನಿಮಗೆ."

ಭೀಮರಾಯರಿಗೆ ಒಲೆಯ ಮೇಲೆ ಪಾಕ ಇಟ್ಟು ಬಂದದ್ದು ನೆನಪಾಯಿತು. ಡ್ರಿಲ್ ಮೇಷ್ಟ್ರು ಆಕಾಶ ನೋಡಿದರು. ಸಿಟ್ಟಿನಿಂದ ಬಾಗಿಲು ಹಾಕಿಕೊಂಡಿದ್ದ ಆಕೆ ಒಂದು ಹೆಜ್ಜೆ ಮುಂದಿಟ್ಟಳು, ಕೆಳಗಿದ್ದ ಕೆರೆಯನ್ನು ನೋಡಿದಳು, ಎರಡು ಹೆಜ್ಜೆ ಹಿಂದೆ ಹೋದಳು. "ಕಂಪ್ನಿಯೋರೇ, ನೀವಾದ್ರೂ ಬನ್ನಿ" ಎಂದಳು ಪುಟ್ಟತಾಯಿ. ಜಯಶೀಲ ಸೊಂಟ ಹಿಡಿದುಕೊಂಡು, ತನಗೆ ಬೆನ್ನು ನೋವಿದೆ, ವ್ಯಾನಿನಲ್ಲಿ ಕೂರಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದ. ಯಾರೂ ಹತ್ತಲಿಲ್ಲ. ಹನ್ನೊಂದು ಪುಟಾಣಿ ಸೀಟುಗಳು ಖಾಲಿ ಇದ್ದವು, ಒಂದರ ಮೇಲೆ ಯಾವುದೋ ಮಗು ಅಂಟಿಸಿದ್ದ ನವಿಲಿನ ಚಿತ್ರ ಇತ್ತು. ಊರಿಗೆ ಊರೇ ಮೊದಲ ಸಲ ಗಾಲಿಯನ್ನು ಬಿಟ್ಟು ಗಾಡಿಯನ್ನು ನೋಡಿತು. ನೋಡಿ ತಲೆ ತಗ್ಗಿಸಿತು.

ಡ್ರಿಲ್ ಮೇಷ್ಟ್ರೇ ಮೊದಲು ಕಟ್ಟೆಗೆ ಬಂದರು. "ಚೆಲುವಯ್ಯ, ಕೊಡಿ ಆ ಫಾರಂ. ಈ ಸಲ ಸರಿಯಾಗಿ ಬರೀತೀನಿ." ಅವರು ಗಾಲಿಗೆ ದಾರಿ ಬಿಡಲು ಹೋಗಿ ಮುರಿದುಕೊಂಡ ಮುಂದಿನ ಹಲ್ಲನ್ನು ಬರೆದರು. ಆಮೇಲೆ ಸಾಲು ಹತ್ತಿತು. ಇಷ್ಟು ವರ್ಷ ಎಲ್ಲರೂ ಎಲ್ಲಿ ಬಚ್ಚಿಟ್ಟಿದ್ದರೋ! ಒಬ್ಬರ ತೊಟ್ಟಿಲು ಪುಡಿಯಾಗಿತ್ತು, ಮಗು ಪುಣ್ಯಕ್ಕೆ ಅಜ್ಜಿಯ ಕಂಕುಳಲ್ಲಿತ್ತು. ಒಬ್ಬರಿಗೆ ಮೂರು ಪಕ್ಕೆಲುಬು. ಒಬ್ಬಾಕೆ ಮೊಟ್ಟೆ ಇಡುವ ಕೋಳಿ ಎಂದು ಬರೆದು, ಅದರ ಹೆಸರನ್ನೂ ಬರೆದಳು. ಭೀಮರಾಯರು ಪಾಕ ಇಳಿಸಿ ಬಂದು, ಅಳಿಯ ಡಾಕ್ಟರ್ ಆದರೂ ಅಂದು ಗಾಡಿ ಮಗುಚಿ ಅವನ ಹಣೆಗೇ ಏಳು ಹೊಲಿಗೆ ಬಿದ್ದದ್ದು ನಿಜ ಎಂದು ಒಪ್ಪಿಕೊಂಡರು. ಎಲ್ಲರೂ ಮುಗಿದ ಮೇಲೆ ನಾನೂ ಬರೆದೆ: 'ಇಪ್ಪತ್ತೆರಡು ವರ್ಷ ಹೆಂಡತಿಗೆ ಏನಾಯಿತೆಂದು ಕೇಳದೆ ಕಳೆದದ್ದು.' ಲಾರೆನ್ಸ್ ಬಗ್ಗಿ ಓದಿ, "ಇದು ಹಬ್ ತಪ್ಪಲ್ಲ ಸ್ವಾಮಿ, ಹೊಡೆದುಹಾಕಿ" ಎಂದ. ಹೊಡೆದುಹಾಕಿದೆ.

ಜಯಶೀಲ ಫೈಲಿಗೆ ಈ ಫಾರಂಗಳನ್ನೂ ಸೇರಿಸಿಕೊಂಡು, ಮೇಲಿನವರಿಗೆ ತಿಳಿಸುತ್ತೇನೆ, ಸಮಿತಿ ಕೂರಬೇಕು, ಮಳೆಗಾಲ ಕಳೆಯಲಿ ಎಂದೆಲ್ಲ ಹೇಳುತ್ತ ತನ್ನ ಬಿಳಿ ಕಾರಿನ ಹತ್ತಿರ ಹೋದ. ಕೀಲಿ ಹಾಕುವಷ್ಟರಲ್ಲಿ ಅವನಿಗೆ ಏನೋ ಹೊಳೆಯಿತು. ಊರಿಂದ ಹೊರಗೆ ಹೋಗಲು ಇಳಿಜಾರು ಬಿಟ್ಟರೆ ಬೇರೆ ರಸ್ತೆ ಇಲ್ಲ. ಅವನು ಮೆಲ್ಲಗೆ ಲಾರೆನ್ಸನನ್ನು ಕೈಸನ್ನೆ ಮಾಡಿ ಕರೆದ. ಲಾರೆನ್ಸ್ ಬಗ್ಗಿ, ಮುಂದಿನ ಬಲಗಾಲಿಯ ನಡುವೆ ಸ್ಪ್ಯಾನರಿನಿಂದ ಬಾರಿಸಿದ. ಡಬ್. ಎಡಗಡೆ ಬಾರಿಸಿದ. ಡಬ್. ಹಿಂದಿನವೆರಡನ್ನು ಬಾರಿಸುವುದಕ್ಕೆ ಜಯಶೀಲ ಬಿಡಲಿಲ್ಲ.

"ಹೊರಡಿ ಸ್ವಾಮಿ, ಹೊತ್ತಾಗುತ್ತೆ" ಎಂದಳು ಪುಟ್ಟತಾಯಿ. "ಬಿಸಿಲಿದೆ, ಗಾಲಿ ಹೋದ ಮನೇಲಿ ಮಜ್ಜಿಗೆ ಕೊಡ್ತಾರೆ."

ಅವನು ಕಾರಿಗೆ ಬೀಗ ಹಾಕಿ, ಫೈಲನ್ನು ಬಿಸಿಲಿಗೆ ತಲೆಯ ಮೇಲಿಟ್ಟುಕೊಂಡು, ಇಡೀ ಇಳಿಜಾರನ್ನು ನಡೆದುಕೊಂಡೇ ಇಳಿದು ಬಸ್ಸು ಹಿಡಿದ. ಸಮಿತಿ ಯಾವಾಗ ಕೂತಿತೋ, ನಿಂತಿತೋ ಗೊತ್ತಿಲ್ಲ. ಮರುದಿನ ಸಂಜೆಗೆ ಲಾರಿಯಲ್ಲಿ ಮೂರು ಪೆಟ್ಟಿಗೆ ಹೊಸ ಹಬ್ ಬಂದವು. ಲಾರೆನ್ಸ್ ಒಂದೊಂದನ್ನೂ ಗ್ಯಾರೇಜಿನ ಬಾಗಿಲಲ್ಲಿ ನಿಂತು ಬಾರಿಸಿದ. ಠಣ್ ಎಂಬ ಸದ್ದು ಮೇಲಿನ ಬೀದಿಯವರೆಗೂ ಕೇಳಿತು. ಮೊದಲು ಶಾಲೆಯ ವ್ಯಾನಿಗೆ ನಾಲ್ಕು ಹಾಕಿದ, ಕಡೆಯಲ್ಲಿ ಆ ಬಿಳಿ ಕಾರಿಗೆ.

ಶಾಲೆ ಶುರುವಾದ ಬೆಳಗ್ಗೆ ಇಳಿಜಾರಿನ ಎರಡೂ ಬದಿಗೆ ಜನ ನಿಂತಿದ್ದರು. ಕೆಲವರು ಅಭ್ಯಾಸಬಲದಿಂದ ಬಾಗಿಲು ತೆರೆದಿಟ್ಟು, ಎಲೆ ತೊಳೆದಿಟ್ಟುಕೊಂಡೇ ಬಂದಿದ್ದರು. ಕನಕಾಂಗಿ ನನ್ನ ಪಕ್ಕದಲ್ಲಿ ನಿಂತು ನನ್ನ ತೋಳು ಹಿಡಿದುಕೊಂಡಿದ್ದಳು. ಹನ್ನೊಂದು ಮಕ್ಕಳು ಗಲಾಟೆ ಮಾಡುತ್ತ ಹತ್ತಿದವು. ಪುಟ್ಟತಾಯಿ ಯಾರ ಮುಖವನ್ನೂ ನೋಡದೆ ಗೇರು ಹಾಕಿದಳು. ವ್ಯಾನು ಇಳಿಯಿತು. ಮೊದಲ ತಿರುವಿನಲ್ಲಿ ಬ್ರೇಕು ಕೀರೆಂದಾಗ ಕನಕಾಂಗಿಯ ಉಗುರು ನನ್ನ ತೋಳಿಗೆ ಇಳಿದವು. ವ್ಯಾನು ತಿರುಗಿತು. ಏರಿಯ ಮೇಲೆ ಹತ್ತಿತು. ಹೋದ ಸಲ ಅಚ್ಚು ಸಿಕ್ಕಿಕೊಂಡಿದ್ದ ಕಲ್ಲನ್ನು ದಾಟಿತು. ನೀರಿನ ಮೇಲೆ ಅದರ ನೆರಳು ನೆಟ್ಟಗೆ ಸಾಗಿ, ಆಚೆ ದಡ ಸೇರಿ, ಶಾಲೆಯ ಗೇಟಿನ ಮುಂದೆ ನಿಂತಿತು. ನನಗೆ ಗೊತ್ತಿಲ್ಲದೆ ನಾನು ಮಕ್ಕಳನ್ನು ಎಣಿಸುತ್ತಿದ್ದೆ. ಒಂಬತ್ತು, ಹತ್ತು, ಹನ್ನೊಂದು. ಎಲ್ಲವೂ ಬಾಗಿಲಿನಿಂದಲೇ ಇಳಿದವು.

ಇಳಿಜಾರಿನಲ್ಲಿ ನಿಂತಿದ್ದ ಭೀಮರಾಯರು, ಸ್ವಲ್ಪ ನಿರಾಶೆಯಿಂದಲೇ, "ಏನೂ ಆಗ್ಲೇ ಇಲ್ಲವಲ್ರೀ" ಎಂದರು.

"ಹೂಂ ರಾಯರೇ" ಎಂದಳು ಕನಕಾಂಗಿ, ಕಣ್ಣು ಒರೆಸಿಕೊಳ್ಳುತ್ತ. "ಏನೂ ಆಗ್ಲಿಲ್ಲ."

ಆಚೆ ದಡದಲ್ಲಿ ಪುಟ್ಟತಾಯಿ ವ್ಯಾನಿನ ಮೆಟ್ಟಿಲ ಮೇಲೆ ಕೂತು, ಖಾಕಿ ಅಂಗಿಯ ತೋಳಿಗೆ ಮುಖ ಒತ್ತಿಕೊಂಡು ಅಳುತ್ತಿದ್ದಳು. ಮಕ್ಕಳು ಅವಳ ಸುತ್ತ ನಿಂತು, ಗಂಟೆ ಹೊಡೆದರೂ ಒಳಗೆ ಹೋಗದೆ, ಏನಾಯಿತು ಎಂದು ಕೇಳುತ್ತಿದ್ದವು.